ಸಮುದ್ರದ ಊರಿಗೆ ಹೆಂಚು ಹೊತ್ತುಕೊಂಡು ಹೋದದ್ದು

ನಾನು ದಾರಿ ತಪ್ಪುವವಳಲ್ಲ. ಎಪ್ಪತ್ತು ದಾಟಿದೆ, ಓದಿದ್ದು ಮೂರನೇ ಕ್ಲಾಸು. ಆದರೂ ಮೈಸೂರಿನ ಯಾವ ಮೂಲೆಯಲ್ಲಿ ಬಿಟ್ಟರೂ ಚಾಮರಾಜಪುರಂಗೆ ನಡೆದುಕೊಂಡೇ ಬರುತ್ತೇನೆ. ಹೀಗಿರುವಾಗ ಮಂಗಳೂರು ಯಾವ ಮಹಾ ಎಂದುಕೊಂಡೆ. ದಾರಿ ತಪ್ಪಲಿಲ್ಲ, ನಿಜ. ಉಳಿದದ್ದೆಲ್ಲ ತಪ್ಪಿತು!

ನಮ್ಮದು ಮಂಗಳೂರು ಹೆಂಚಿನ ಹಳೇ ಮನೆ. ಯಜಮಾನರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ನಡುಮನೆಯ ಮಂಚ ಹಿಡಿದರು. ಅದೇ ತಿಂಗಳು ಕೋತಿಯೊಂದು ಹಾರಿ ಅವರ ಕಾಲಿನ ನೇರಕ್ಕಿದ್ದ ಹೆಂಚನ್ನು ಒಡೆಯಿತು. ಅಷ್ಟು ದೊಡ್ಡ ಸೂರಿನಲ್ಲಿ ಕೋತಿಗೆ ಅದೊಂದೇ ಹೆಂಚು ಕಂಡಿತ್ತು! ಮಳೆ ಬಂದರೆ ಪಾದದ ಮೇಲೆ ತೊಟ್ಟು ತೊಟ್ಟು ನೀರು. ಪ್ಲಾಸ್ಟಿಕ್ ಹೊದಿಸಿದರೆ ಗಾಳಿಗೆ ಹಾರಿ ಪಕ್ಕದ ಮನೆಗೆ ಹೋಗುತ್ತಿತ್ತು. ನಮ್ಮದು ಆಮೆ ಮುದ್ರೆಯ ಹೆಂಚು. ಬೇರೆಯದು ತಂದರೆ ಅದರ ಜೊತೆ ಕಚ್ಚಿಕೊಂಡು ಕೂರುವುದಿಲ್ಲ.

"ಅದು ಈಗ ಬರಲ್ಲ ಕಣಮ್ಮ," ಎಂದ ಅಂಗಡಿಯವನು. "ಮಂಗಳೂರಲ್ಲಿ ಹಳೇ ಮನೆ ಕೆಡವೋ ಕಡೆ ಸಿಕ್ಕಿದ್ರೆ ಸಿಕ್ತು."

ಯಜಮಾನರಿಗೆ ಹೇಳಿದೆ. "ಹೋಗ್ಬುಟ್ಟು ಬಾ," ಎಂದರು. "ಹೆಂಗಸ್ರಿಗೆ ಬಸ್ಸು ಪುಕ್ಕಟೆ. ಅಂಗೇ ಸಮುದ್ರನೂ ನೋಡ್ಕಂಡ್ ಬಾ."

"ಹೆಂಚು ತರಕ್ಕೆ ಹೋಗೋಳಿಗೆ ಸಮುದ್ರ ಯಾಕೆ?"

"ಮದ್ವೆ ಆದಾಗ ತೋರಿಸ್ತೀನಿ ಅಂದಿದ್ದೆ. ಹೆಬ್ಬಾಳದ ಫ್ಯಾಕ್ಟ್ರಿ ಶಿಫ್ಟು, ಓವರ್‌ಟೈಮು ಅಂತ ಆಗ್ಲೇ ಇಲ್ಲ. ಈಗ ಈ ಸೊಂಟ. ನಾನಂತೂ ಇನ್ನು ನೋಡಲ್ಲ. ನೀನಾದ್ರೂ ನೋಡ್ಬುಟ್ಟು ಬಂದು ಎಂಗದೆ ಅಂತ ಹೇಳು."

"ನೀರು ಇದ್ದಂಗೆ ಇರ್ತದೆ," ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. "ಆಯ್ತು, ನೋಡ್ಕಂಡೇ ಬತ್ತೀನಿ," ಎಂದು ಮಾತು ಕೊಟ್ಟೆ.

ಅವರನ್ನು ನೋಡಿಕೊಳ್ಳಲು ಒಂಟಿಕೊಪ್ಪಲಿನಿಂದ ನಾದಿನಿ ಪುಟ್ಟಮ್ಮ ಬಂದಳು. ಒಡೆದ ಹೆಂಚಿನ ಚೂರು ಆಗಲೇ ಕಸದ ಗಾಡಿ ಸೇರಿತ್ತು. ತೋರಿಸಲು ಮಾದರಿ ಬೇಕಲ್ಲ! ಸೂರಿನಿಂದ ಒಂದು ಗಟ್ಟಿ ಹೆಂಚು ಇಳಿಸಿಕೊಂಡೆ.

"ಅಯ್ಯೋ ಅತ್ಗೆ, ಒಂದು ತೂತು ಹೋಗಿ ಎರಡಾಯ್ತಲ್ಲ!" ಎಂದಳು ಪುಟ್ಟಮ್ಮ.

"ಒಂದು ದಿನ ತಾನೆ? ಇನ್ನೊಂದು ಬಕೀಟು ಇಡು."

ಬಸ್ಸಿನಲ್ಲಿ ಕಂಡಕ್ಟರು ನನ್ನ ತೊಡೆಯ ಮೇಲಿದ್ದ ಚೀಲ ಮುಟ್ಟಿ ನೋಡಿದ. "ಇದೇನಮ್ಮ?"

"ಮಂಗಳೂರು ಹೆಂಚು."

"ಮಂಗಳೂರಿಗೇ ತಗೊಂಡ್ ಹೋಗ್ತಿದ್ದೀರಾ?"

ಇಡೀ ಬಸ್ಸು ತಿರುಗಿ ನೋಡಿತು. ನಾನು ಹೆಂಚನ್ನು ಕೂಸಿನ ಹಾಗೆ ಅವಚಿಕೊಂಡು ಕಣ್ಣು ಮುಚ್ಚಿದೆ.

ಬೆಳಿಗ್ಗೆ ಇಳಿದು ನಡೆಯಲು ಶುರು ಮಾಡಿದೆ. ಆ ಊರಿನಲ್ಲಿ ರಸ್ತೆ ಎಂದರೆ ಒಂದು ಏರು, ಒಂದು ಇಳಿಜಾರು. ಮೈಯೆಲ್ಲ ಬೆವರು. ಒಂದು ಹಳೇ ಚರ್ಚಿಗೆ ಜನ ಸಾಲುಗಟ್ಟಿ ಹೋಗುತ್ತಿದ್ದರು; ಒಳಗೆ ಗೋಡೆ ತುಂಬ ಚಿತ್ರಗಳಿವೆಯಂತೆ. ನಾನು ಹೊರಗೇ ನಿಂತು ಸೂರು ನೋಡಿದೆ. ಒಳ್ಳೇ ಹೆಂಚು. ಕೊಡುವವರಲ್ಲ. ಮುಂದೆ ಹೊರಟೆ. ಹೆಂಚಿನ ಕಾರ್ಖಾನೆ ಎಲ್ಲಿ ಎಂದು ನಾಲ್ಕು ಜನರನ್ನು ಕೇಳಿ ಹೋದರೆ ಅಲ್ಲಿ ಆಕಾಶಕ್ಕೆ ತಾಗುವ ಬಿಲ್ಡಿಂಗು!

"ಕಾರ್ಖಾನೆ ನಾನು ಹುಟ್ಟುವ ಮೊದಲೇ ಹೋಗಿದೆ ಅಮ್ಮ," ಎಂದ ಗೇಟಿನ ಕಾವಲಿನವನು. ಅವನಿಗೂ ಅರವತ್ತಾಗಿತ್ತು.

ಹೊಳೆಯ ದಡದಲ್ಲಿ ಕಪ್ಪು ಕಲ್ಲಿನ ಬುರುಜು ಸಿಕ್ಕಿತು. ನಮ್ಮ ಕಡೆಯ ಟಿಪ್ಪು ಕಟ್ಟಿಸಿದ್ದಂತೆ. ಹತ್ತಿ ನೋಡಿದೆ. ಹೆಂಚಿಲ್ಲ. ಇಳಿದೆ. ಕೆಳಗೆ ದೋಣಿಯವನು ಕರೆದ.

"ಬನ್ನಿ ಅಮ್ಮ, ಆಚೆ ದಾಟಿ ನಾಲ್ಕು ಹೆಜ್ಜೆ ನಡೆದರೆ ಸಮುದ್ರ ಉಂಟು."

"ಆಚೆ ಹಳೇ ಹೆಂಚಿನ ಮನೆ ಅವೆಯಾ?"

"ಆಚೆ ಎಂತ ಮನೆ ಮಾರಾಯ್ರೆ, ಬರೀ ಮರಳು!"

"ಅಂಗಾದ್ರೆ ಬ್ಯಾಡ. ಹೆಂಚು ಸಿಗ್ಲಿ, ಆಮೇಲೆ ಬತ್ತೀನಿ."

ಬುದ್ಧಿವಂತೆಯ ಹಾಗೆ ಹೇಳಿ ಹೊರಟೆ.

ಮಧ್ಯಾಹ್ನದ ಹೊತ್ತಿಗೆ, ತೆಂಗಿನ ಮರಗಳ ಒಂದು ಓಣಿಯಲ್ಲಿ ಮನೆ ಕೆಡವುತ್ತಿದ್ದರು. ಹೆಂಚಿನ ರಾಶಿ! ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದನ್ನೇ ಮಗುಚಿದೆ. ಅದರಲ್ಲಿದ್ದ ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ, ಆಮೆ ಬರುತ್ತದೆ. ರಾಶಿಯ ತಳದಲ್ಲಿ ಸಿಕ್ಕಿತು ನೋಡಿ, ಒಂದೇ ಒಂದು ಆಮೆ! ಮೇಸ್ತ್ರಿ ನನ್ನ ಚೀಲದ ಹೆಂಚನ್ನೂ ನನ್ನ ಮುಖವನ್ನೂ ನೋಡಿದ.

"ಇದನ್ನು ಹೊತ್ತುಕೊಂಡು ಮೈಸೂರಿಂದ ಬಂದದ್ದಾ? ತಕೊಂಡು ಹೋಗಿ ಅಮ್ಮ, ದುಡ್ಡು ಬೇಡ."

ಎರಡು ತೂತಿಗೆ ಎರಡು ಹೆಂಚು! ಗೆದ್ದೆ ಎಂದು ಮೂರು ಗಂಟೆಗೇ ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಬಸ್ಸು ಇದ್ದದ್ದು ಎಂಟಕ್ಕೆ. ಐದು ಗಂಟೆ ಕಾಲ ಚೀಲ ಕಾದೆ. ಮನಸ್ಸಿಗೆ ಮಾತ್ರ ಏನೋ ಮರೆತ ಹಾಗೆ. ಹಸಿವು ಇರಬೇಕೆಂದು ಗೋಳಿಬಜೆ ತಿಂದೆ. ಆಮೇಲೂ ಮರೆತ ಹಾಗೇ ಇತ್ತು.

ಬಸ್ಸು ಬಂತು. ಸೀಟಿಗೆ ನುಗ್ಗುವಾಗ ಚೀಲ ಬಾಗಿಲಿನ ಕಂಬಿಗೆ ಬಡಿಯಿತು. ಟಣ್! ತೆಗೆದು ನೋಡಿದರೆ ಹೊಸದಾಗಿ ಸಿಕ್ಕಿದ ಹೆಂಚು ಮೂರು ಹೋಳು. ನಮ್ಮ ಹೆಂಚು ಗಟ್ಟಿಯಾಗಿತ್ತು. ಅಂದರೆ, ನಮ್ಮ ಮನೆಯ ಹೆಂಚಿಗೆ ಮಂಗಳೂರು ತೋರಿಸಿಕೊಂಡು ಬಂದ ಹಾಗಾಯಿತು!

ಬೆಳಿಗ್ಗೆ ಮನೆಗೆ ಬಂದೆ. ರಾತ್ರಿ ಮಳೆ ಬಂದಿತ್ತು. ಎರಡು ಬಕೀಟೂ ತುಂಬಿದ್ದವು. ಯಜಮಾನರು ಪುಟ್ಟಮ್ಮನ ಕೈಯಲ್ಲಿ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ, ಯಾರೋ ನೆಂಟರು ಬರುವವರಿದ್ದಾರೆ ಎನ್ನುವ ಹಾಗೆ ಕೂತಿದ್ದರು. ಹೆಂಚಿನ ಮಾತೇ ಎತ್ತಲಿಲ್ಲ.

"ಎಂಗಿತ್ತು?"

"ಏನು?"

"ಸಮುದ್ರ ಕಣೇ!"

ಆಗ ನೆನಪಾಯಿತು ನನಗೆ, ಮರೆತದ್ದು ಏನೆಂದು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆ ಬಾಚಿದ ತಲೆ ನೋಡಿ ಆಗಲಿಲ್ಲ.

"ದೊಡ್ಡದಾಗಿತ್ತು," ಎಂದೆ.

"ಮತ್ತೆ?"

"ಸಾಲು ಸಾಲಾಗಿ, ಒಂದರ ಮೇಲೊಂದು, ಕಣ್ಣು ಹೋದಷ್ಟು ದೂರ..."

"ಬಣ್ಣ?"

"ಕೆಂಪು."

ಪುಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ಯಜಮಾನರು ನನ್ನ ಮಡಿಲಿನ ಹೆಂಚು ನೋಡಿದರು, ಬೊಬ್ಬೆಯೆದ್ದ ನನ್ನ ಕಾಲು ನೋಡಿದರು.

"ಸಾಯಂಕಾಲ ನೋಡಿರ್ಬೇಕು ನೀನು," ಎಂದರು.

"ಹೂಂ," ಎಂದೆ.

ಆ ಹೆಂಚು ತನ್ನ ಜಾಗಕ್ಕೆ ವಾಪಸ್ ಹೋಯಿತು. ಕೋತಿ ಮಾಡಿದ ತೂತು ಹಾಗೇ ಇದೆ, ಬಕೀಟೂ ಇದೆ. ಮಳೆ ಶುರುವಾಗಿ ಮೊದಲ ತೊಟ್ಟು ಬಿದ್ದ ಕೂಡಲೇ ಯಜಮಾನರು ಮಂಚದಿಂದಲೇ ಕೂಗುತ್ತಾರೆ: "ಬಾರೇ, ಸಮುದ್ರ ಬಂತು! ಈ ಸಲನಾದ್ರೂ ಬಣ್ಣ ನೋಡ್ಕೋ!"

ಹೋಗಿ ಬಕೀಟಿನಲ್ಲಿ ಇಣುಕುತ್ತೇನೆ. ಕೆಂಪಂತೂ ಅಲ್ಲ.