ಹಸಿರು ಗೆರೆ ನಿಂತ ಮನೆಗಳು

ಕಂಪ್ಯೂಟರ್ ರಿಪೇರಿಗೆಂದು ಭಟ್ಕಳ, ಹೊನ್ನಾವರ, ಕುಮಟಾ ಅಂತ ಸ್ಕೂಟರಿನಲ್ಲಿ ತಿರುಗುವ ನನ್ನಂಥವಳಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಆಗದ ದಿನ ಸ್ಕೂಟರ್ ಕೆಟ್ಟಿರುತ್ತದೆ, ಅಷ್ಟೇ. ಹೆಚ್ಚಿನ ಮನೆಗಳಲ್ಲಿ ದೂರು ಒಂದೇ: "ಕಂಪ್ಯೂಟರ್ ಶುರು ಆಗ್ತದೆ, ಫೋಲ್ಡರ್ ತೆರೆಯೂದಿಲ್ಲ." ಆ ಹಳದಿ ಫೋಲ್ಡರಿನ ಚಿತ್ರ ಒತ್ತಿದರೆ ಮೇಲ್ಗಡೆ ಒಂದು ಹಸಿರು ಗೆರೆ ಹೊರಡುತ್ತದೆ. ಮುಕ್ಕಾಲು ದಾರಿ ಹೋಗಿ ನಿಂತುಬಿಡುತ್ತದೆ. ಅದು ನಿಂತ ಕೂಡಲೇ ಮನೆಯವರೆಲ್ಲ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ನನಗೆ ಸಿಟ್ಟು ಬರುವುದು ಗೆರೆಯ ಮೇಲಲ್ಲ, ಈ ನಿಂತವರ ಮೇಲೆ. ಅದಕ್ಕೂ ಮೊದಲು ಬಾಗಿಲಲ್ಲಿ ನನ್ನನ್ನು ನೋಡಿ, "ರಿಪೇರಿಯವರು ಹಿಂದೆ ಬರ್ತಿದ್ದಾರಾ?" ಎಂದು ಗೇಟಿನ ಕಡೆ ಕತ್ತು ಚಾಚಿರುತ್ತಾರೆ. ಅದು ಬೇರೆ.

ದುಬೈ ಅಂಗಡಿ

ಭಟ್ಕಳದ ಒಂದು ಮನೆಯ ಯಜಮಾನರು ದುಬೈಯಲ್ಲಿ ಅಂಗಡಿ ನಡೆಸಿ, ಅದನ್ನು ಮಾರಿ ಊರಿಗೆ ಬಂದವರು. ಅವರ ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ತೆರೆಯಲು ಒತ್ತಿದರೆ ಒಂದು ಚಹಾ ಮುಗಿಯುತ್ತಿತ್ತು. ಹೆಂಡತಿ ಒಳಗಿನಿಂದ ಚಹಾ ಕಳಿಸುತ್ತಲೇ ಇದ್ದರು, ನಾನು ಕುಡಿಯುತ್ತಲೇ ಇದ್ದೆ.

"ವೈರಸ್ ಇರಬೇಕು. ಎಲ್ಲ ಅಳಿಸಿಬಿಡಿ," ಎಂದರು ಯಜಮಾನರು. ಅವರ ಹಣೆಯಲ್ಲಿ ಬೆವರು. ಲ್ಯಾಪ್‌ಟಾಪಿನೊಳಗೆ ಇಡೀ ಸಂಸಾರದ ಕಾಗದಪತ್ರ ಇತ್ತು.

ವೈರಸ್ ಇರಲಿಲ್ಲ. ದುಬೈ ಅಂಗಡಿಯ ಕಂಪ್ಯೂಟರಿಗೆ ಹಿಂದೆ ಹಾಕಿಕೊಟ್ಟ ಸಂಪರ್ಕ ಹಾಗೇ ಉಳಿದಿತ್ತು. ಫೋಲ್ಡರ್ ಒತ್ತಿದಾಗಲೆಲ್ಲ ಪಾಪದ ಯಂತ್ರ ಮೊದಲು ಆ ಅಂಗಡಿಯನ್ನು ಹುಡುಕುತ್ತಿತ್ತು. ಸಿಗುತ್ತಿರಲಿಲ್ಲ. ಮತ್ತೆ ಹುಡುಕುತ್ತಿತ್ತು. ಆ ಸಂಪರ್ಕ ಕಿತ್ತು ಹಾಕಿದೆ. ಫೋಲ್ಡರ್ ಫಟ್ಟನೆ ತೆರೆಯಿತು.

ಬಾಗಿಲ ಪರದೆಯ ಆಚೆಯಿಂದ ಹೆಂಡತಿ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಕೇಳಿದರು. ಯಜಮಾನರು ನಾನು ಹೇಳಿದ್ದನ್ನು ತಿಳಿಸಿದರು. ಆಮೇಲೆ ನನಗೆ ಅರ್ಥವಾಗಲೆಂದೇ ಹೆಂಡತಿ ಕನ್ನಡದಲ್ಲಿ ಹೇಳಿದರು: "ಇವರಿಗೂ ಅದೇ ಕಾಯಿಲೆ. ಊಟಕ್ಕೆ ಕರೆದ್ರೆ ಮೊದಲು ದುಬೈಗೆ ಹೋಗಿ ನೋಡಿ, ಆಮೇಲೆ ಇಲ್ಲಿಗೆ ಬರ್ತಾರೆ. ಇವರದ್ದೂ ಕಿತ್ತು ಕೊಟ್ಟು ಹೋಗಿ."

ಭಾವನ ಡಿಸ್ಕು

ಕುಮಟಾದಲ್ಲಿ ಒಬ್ಬರು ನಿವೃತ್ತ ಮಾಸ್ತರರು. ಅವರ ಹಳೆಯ ಕಂಪ್ಯೂಟರು ಫೋಲ್ಡರ್ ತೆರೆಯುವಾಗ ಗರ್ರ್ ಎಂದು ಕೂಗಿ ಸುಮ್ಮನಾಗುತ್ತಿತ್ತು, ಮತ್ತೆ ಕೂಗುತ್ತಿತ್ತು. ನಾನು ಕಿವಿಗೊಟ್ಟೆ. ಡಿಸ್ಕು ಹಾಕುವ ಗೂಡಿನೊಳಗೆ ಏನೋ ತಿರುಗುತ್ತಿದೆ.

"ಒಳಗೆ ಡಿಸ್ಕ್ ಉಂಟು. ಗೀಚಿ ಹೋಗಿದೆ. ಫೋಲ್ಡರ್ ತೆರೆಯುವ ಮೊದಲು ಅದನ್ನು ಓದಲು ಒದ್ದಾಡ್ತಿದೆ," ಎಂದೆ.

"ಅದ್ರೊಳಗೆ ಡಿಸ್ಕ್ ಇಪ್ಪಲೆ ಸಾಧ್ಯವೇ ಇಲ್ಲೆ," ಎಂದರು ಮಾಸ್ತರರು.

ಕಾಗದದ ಪಿನ್ನು ನೆಟ್ಟಗೆ ಮಾಡಿ ಗೂಡಿನ ಮುಂದಿನ ಸಣ್ಣ ತೂತಿಗೆ ಚುಚ್ಚಿದೆ. ಗೂಡು ಹೊರಬಂತು. ಡಿಸ್ಕಿನ ಮೇಲೆ ಮಾಸ್ತರರದೇ ದುಂಡಗಿನ ಅಕ್ಷರ: ಮಗನ ಉಪನಯನ.

ಮಾಸ್ತರರ ಮುಖ ಬಿಳಿಚಿತು. ಹೆಂಡತಿ ಬಂದು ನೋಡಿ ಅಲ್ಲೇ ಕುರ್ಚಿಗೆ ಕೂತರು. ವಿಷಯ ಆಮೇಲೆ ಗೊತ್ತಾಯಿತು. ಈ ಡಿಸ್ಕನ್ನು ಭಾವ, ಅಂದರೆ ಹೆಂಡತಿಯ ಅಣ್ಣ, ನೋಡಲು ಒಯ್ದು ಖಾಲಿ ಡಬ್ಬಿ ವಾಪಸು ಕೊಟ್ಟ ಎಂದು ಮಾಸ್ತರರು ನೆಂಟರೆದುರು ಅಂದುಬಿಟ್ಟಿದ್ದರು. ಅವತ್ತಿನಿಂದ ಎರಡು ಮನೆಗಳಿಗೂ ಹೋಗಿಬರುವುದು ನಿಂತಿತ್ತು. ಹಬ್ಬಕ್ಕೂ ಇಲ್ಲ, ತಿಥಿಗೂ ಇಲ್ಲ.

"ಅಣ್ಣಂಗೆ ಈಗಲೇ ಫೋನ್ ಮಾಡ್ತೆ," ಎಂದರು ಹೆಂಡತಿ.

ಮಾಸ್ತರರು ಅವರ ಕೈಯಿಂದ ಫೋನು ತೆಗೆದುಕೊಂಡು ಜೇಬಿಗೆ ಹಾಕಿದರು. ನಂತರ ನನ್ನ ಕಡೆ ತಿರುಗಿ, ತರಗತಿಯಲ್ಲಿ ಹೇಳುವ ದನಿಯಲ್ಲೇ, ಮೆತ್ತಗೆ ಹೇಳಿದರು: "ಅದನ್ನ ಹಾಂಗೇ ಒಳಗೆ ಹಾಕಿಡು ತಂಗಿ. ಕಂಪ್ಯೂಟರ್ ನಿಧಾನ ಆದ್ರೂ ಅಡ್ಡಿಲ್ಲೆ."

ಮಾವಿನಕುರ್ವೆಯ ಗಣಪತಿಗಳು

ಈಗ ನೆನೆದರೂ ನನ್ನ ಎದೆ ಬಡಿದುಕೊಳ್ಳುವುದು ಈ ಒಂದಕ್ಕೆ. ಹೊನ್ನಾವರದ ಮಾವಿನಕುರ್ವೆಯ ಒಂದು ಮನೆ. ಹಿತ್ತಲು ದಾಟಿದರೆ ಹೊಳೆ. ಮನೆಯಲ್ಲಿ ಅತ್ತೆ ಮತ್ತು ಬಿ.ಎಡ್. ಮುಗಿಸಿದ ಸೊಸೆ. ಸೊಸೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮಾರ್ಕ್ಸ್ ಕಾರ್ಡಿನ ಚಿತ್ರ ಏರಿಸಲು ಅಂದೇ ಕೊನೆಯ ದಿನ, ಐದು ಗಂಟೆಗೆ ಸೈಟು ಮುಚ್ಚುತ್ತದೆ. ಮೂಲ ಕಾರ್ಡು ಯಾವುದೋ ಕಚೇರಿಯಲ್ಲಿ ಪರಿಶೀಲನೆಗೆ ಹೋಗಿ ಕೂತಿತ್ತು. ಅದರ ಫೋಟೋವನ್ನು ಅತ್ತೆಯ ಫೋನಿನಲ್ಲಿ ತೆಗೆದಿದ್ದರು, ಫೋನು ತುಂಬಿದಾಗ ಎಲ್ಲವನ್ನೂ ಕಂಪ್ಯೂಟರಿಗೆ ಸುರಿದು ಖಾಲಿ ಮಾಡಿದ್ದರು. ಈಗ ಆ ಫೋಲ್ಡರ್ ತೆರೆಯುತ್ತಿಲ್ಲ.

ನಾನು ಹೋದಾಗ ನಾಲ್ಕು ಹೊಡೆದಿತ್ತು. ಸೊಸೆ ಬಾಗಿಲಲ್ಲೇ ಕಾಯುತ್ತಿದ್ದಳು. "ಇದು ಹೋದ್ರೆ ಮತ್ತೆ ಯಾವಾಗ ಕರೀತ್ರೋ ಗೊತ್ತಿಲ್ಲ ಅಕ್ಕ," ಎಂದಳು.

ಫೋಲ್ಡರ್ ಒತ್ತಿದೆ. ಹಸಿರು ಗೆರೆ ಮುಕ್ಕಾಲಿಗೆ ನಿಂತಿತು. ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅತ್ತೆಗೆ ಬೆಳಗಾದರೆ ಫೋನಿನ ಗ್ರೂಪುಗಳಲ್ಲಿ ಬರುವ ಶುಭೋದಯದ ದೇವರುಗಳೆಲ್ಲ ಅದರೊಳಗಿದ್ದರು. ಪ್ರತಿಯೊಬ್ಬ ದೇವರ ಸಣ್ಣ ಚಿತ್ರ ಬಿಡಿಸಿ ತೋರಿಸಲು ಹೋಗಿ ಯಂತ್ರಕ್ಕೆ ಏದುಸಿರು ಬಂದಿತ್ತು. ಚಿತ್ರ ಬೇಡ, ಹೆಸರು ಮಾತ್ರ ತೋರಿಸು ಎಂದು ಬದಲಿಸಿದೆ. ಬಂತು. ಆದರೆ ಎಲ್ಲದರ ಹೆಸರೂ ಬರೀ ಅಂಕೆ, ಮಾರ್ಕ್ಸ್ ಕಾರ್ಡಿನದೂ.

"ಯಾವ ದಿನ ತೆಗೆದ ಫೋಟೋ?" ಎಂದೆ. ತಾರೀಕು ಸಿಕ್ಕರೆ ಅರ್ಧ ಕೆಲಸ ಆದಂತೆ.

ಸೊಸೆ ತಲೆ ತಗ್ಗಿಸಿದಳು. "ಚೌತಿ ದಿನ."

ಚೌತಿಯ ದಿನ ಅತ್ತೆಯ ಫೋನಿಗೆ ಬಂದ ಗಣಪತಿಗಳನ್ನು ನೋಡಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

"ಆ ದಿನದ್ದು ಬಿಟ್ಟು ಉಳಿದದ್ದು ಡಿಲೀಟ್ ಮಾಡುವಾ. ಯಂತ್ರ ಹಗುರ ಆಗ್ತದೆ," ಎಂದೆ.

ಅಷ್ಟು ಹೊತ್ತು ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಅತ್ತೆ ಕೇಳಿದರು. "ಡಿಲೀಟ್ ಮಾಡಿದ್ರೆ ಎಲ್ಲಿಗೆ ಹೋಗ್ತದೆ?"

ನಾನು ಪರದೆಯ ಮೂಲೆಯ ಕಸದ ಬುಟ್ಟಿ ತೋರಿಸಿದೆ. ತೋರಿಸಬಾರದಿತ್ತು.

"ದೇವ್ರನ್ನ ಕಸದ ಬುಟ್ಟಿಗೆ ಹಾಕೂಕೆ ಈ ಮನೇಲಿ ಆಗೂದಿಲ್ಲ," ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾದ ಮಾಡಬಹುದಿತ್ತು.

ಸೊಸೆ ಗಡಿಯಾರ ನೋಡಿದಳು. ನಾನೂ ನೋಡಿದೆ. ಕೊನೆಗೆ ಒಂದು ದಾರಿ ಹೊಳೆಯಿತು. ಚೌತಿಯ ದಿನದ್ದಷ್ಟನ್ನೂ ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡು, ನನ್ನ ಚುರುಕಾದ ಲ್ಯಾಪ್‌ಟಾಪಿನಲ್ಲಿ ಹುಡುಕುವುದು. ಅತ್ತೆ ಯೋಚಿಸಿ ಎರಡು ಷರತ್ತು ಹಾಕಿದರು. "ಎತ್ತಿದ್ರೆ ಪೂರ್ತಿ ಎತ್ತಬೇಕು. ಚೌತಿ ಗಣಪತಿನ ಅಲ್ಲೊಂದು ಇಲ್ಲೊಂದು ಇಡೂಕಿಲ್ಲ. ಆಮೇಲೆ ಅದನ್ನ ನೀರಿಗೆ ಬಿಡಬೇಕು."

ಹೋಗುವುದು ನನ್ನ ಪೆನ್‌ಡ್ರೈವು. ಆದರೂ ಆತು ಎಂದೆ. ನಕಲು ಮಾಡದೆ, ಕತ್ತರಿಸಿ ಅಂಟಿಸಿದೆ. ಗಣಪತಿಗಳು ಒಬ್ಬೊಬ್ಬರಾಗಿ ಹೊರಟರು. ಸೊಸೆ ಅತ್ತೆಯ ಫೋನು ಹಿಡಿದು, ಸೈಟು ತೆರೆದಿಡಲು ನೆಟ್‌ವರ್ಕ್ ಸಿಗುವ ಅಂಗಳದ ಮೂಲೆಗೆ ಓಡಿದಳು. ಕೊನೆಯ ಗಣಪತಿಯೂ ದಾಟಿದ, ಪೆನ್‌ಡ್ರೈವಿನ ಮಿಣುಕು ಲೈಟು ಆರಿತು. ನಾನು ಲ್ಯಾಪ್‌ಟಾಪಿನ ವೈರು ಚುಚ್ಚಲು ಮೇಜಿನಡಿಗೆ ಬಗ್ಗಿದೆ. ಎದ್ದು ನೋಡುತ್ತೇನೆ, ಪೆನ್‌ಡ್ರೈವು ಇಲ್ಲ.

ಮೇಜಿನ ಮೇಲೆ ನಾಲ್ಕು ಅಕ್ಷತೆ ಕಾಳು ಬಿದ್ದಿತ್ತು.

ನಾನು ಹಿತ್ತಲಿಗೆ ಓಡಿದೆ. ನನ್ನ ಓಟ ನೋಡಿ ಏನೆಂದು ಕೇಳದೆ ಸೊಸೆಯೂ ಓಡಿದಳು. ಹೊಳೆಯ ದಂಡೆಯಿಂದ ಅತ್ತೆ ಬರುತ್ತಿದ್ದರು. ಕೈಯಲ್ಲಿ ಖಾಲಿ ಹರಿವಾಣ, ಆರತಿಯ ಬತ್ತಿಯಿಂದ ಇನ್ನೂ ಹೊಗೆ ಏಳುತ್ತಿತ್ತು.

"ಬಿಟ್ಟಾತು," ಎಂದರು. "ಲೈಟು ಆರಿತಲ್ಲ, ಮುಗೀತು ಅಂತ ತಂದೆ."

ಸೊಸೆ ಅಲ್ಲೇ ತೆಂಗಿನ ಬುಡದಲ್ಲಿ ಕೂತು ಅಳತೊಡಗಿದಳು. ನನಗೆ ಆ ಕ್ಷಣ ಅತ್ತೆಯ ಮೇಲೆ ಬಂದ ಸಿಟ್ಟು ಇಲ್ಲಿ ಬರೆಯುವಂಥದ್ದಲ್ಲ. ಐದಕ್ಕೆ ಇನ್ನು ಕಾಲು ಗಂಟೆ ಇತ್ತು.

"ಎಂತಕ್ಕೆ ಅಳ್ತೆ?" ಎಂದರು ಅತ್ತೆ.

"ಮಾರ್ಕ್ಸ್ ಕಾರ್ಡ್ ಅದರಲ್ಲೇ ಇತ್ತು ಅತ್ತೆ."

"ನಿನ್ನ ಮಾರ್ಕ್ಸ್ ಕಾರ್ಡಾ? ನೀವು ಹುಡುಕೂದು ಅದನ್ನ?" ಅತ್ತೆ ಹರಿವಾಣ ಕೆಳಗಿಟ್ಟರು. "ಅದನ್ನ ಚೌತಿ ದಿನವೇ ಎಲ್ಲಾ ಗ್ರೂಪಿಗೆ ಕಳ್ಸಿದ್ದೆನಲ್ಲ. ಸೊಸೆ ಫಸ್ಟ್ ಕ್ಲಾಸು ಅಂತ. ನನ್ನ ಹತ್ರ ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ. ಅತ್ತೆ ಖಾಲಿ ಮಾಡಿದ್ದ ತಮ್ಮ ಫೋನನ್ನು ಸೊಸೆಯ ಕೈಯಿಂದ ತೆಗೆದುಕೊಂಡು, ಅಂಗಳದ ಮೂಲೆಗೆ ಹೋಗಿ ಕುಮಟಾದ ತಂಗಿಗೆ ಮಾಡಿದರು. ಚಿತ್ರ ಬಂತು. ಆದರೆ ಬರೀ ಕಾಗದ ನಾಲ್ಕು ಜನರಿಗೆ ಕಳಿಸುವುದು ಆ ತಂಗಿಗೆ ಸರಿಕಂಡಿರಲಿಲ್ಲವಂತೆ. ಸುತ್ತ ಗುಲಾಬಿಯ ಅಂಚು, ನೆತ್ತಿಯ ಮೇಲೆ ಉರಿಯುವ ದೀಪ, ಕೆಳಗೆ ಶುಭೋದಯ. ನಾನು ಗುಲಾಬಿಗಳನ್ನು ಕತ್ತರಿಸಿದೆ, ಶುಭೋದಯವನ್ನೂ ಕತ್ತರಿಸಿದೆ. ದೀಪ ಮಾತ್ರ ವಿಶ್ವವಿದ್ಯಾಲಯದ ಹೆಸರಿಗೆ ತಾಗಿ ಕೂತಿತ್ತು, ಬಿಡಿಸಲಾಗಲಿಲ್ಲ.

"ದೀಪ ಇದ್ರೆ ತಕಳ್ತ್ರಾ?" ಸೊಸೆ ಕೇಳಿದಳು. ಸಮಯ ಇರಲಿಲ್ಲ. ಒತ್ತು ಎಂದೆ. ಅಂಗಳದ ಮೂಲೆಯಲ್ಲಿ ಮೂವರೂ ಒಂದೇ ಫೋನಿಗೆ ಬಗ್ಗಿ ನಿಂತೆವು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಹಸಿರು ಗುರುತು ಬಿದ್ದು, ಸ್ವೀಕರಿಸಲಾಗಿದೆ ಎಂದು ಬಂತು.

ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಕಲಿತ ವಿದ್ಯೆಯ ಜಂಭ ಬಿಡುತ್ತದೆಯೇ? "ಈ ರಸೀದಿಯನ್ನು ಕೂಡಲೇ ಕಂಪ್ಯೂಟರಿನಲ್ಲಿ ಜೋಪಾನ ಮಾಡಿಡು, ಹೊಸ ಫೋಲ್ಡರ್ ಮಾಡಿ ಕೊಡ್ತೇನೆ," ಎಂದೆ.

ಸೊಸೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು, ಒಳಗಿದ್ದ ಕಂಪ್ಯೂಟರನ್ನು ನೋಡಿದಳು. ಆಮೇಲೆ ಫೋನನ್ನು ಅತ್ತೆಯ ಕೈಗಿಟ್ಟಳು.

"ಅತ್ತೆ, ಇದನ್ನೂ ಎಲ್ಲಾ ಗ್ರೂಪಿಗೆ ಕಳ್ಸಿಬಿಡಿ."