ಮೊಹರಿನವನಿಗೆ ತುರ್ತು ಸಾಲ

ತುರ್ತು ಸಾಲದ ಅರ್ಜಿಗೆ ಏಳು ದಿನದೊಳಗೆ ಉತ್ತರ ಕೊಡತಕ್ಕದ್ದು ಎಂದು ಸರ್ಕಾರದ ನಿಯಮವಿದೆ. ಯಾವ ಉತ್ತರ ಎಂಬುದು ನಿಯಮದಲ್ಲಿಲ್ಲ.

ಸಾಂಕ್ರಾಮಿಕದ ದೆಸೆಯಿಂದ ಊರು ನಾಲ್ಕು ತಿಂಗಳು ಬಾಗಿಲು ಹಾಕಿತ್ತು. ಕಚೇರಿಗಳೇ ಮುಚ್ಚಿದ ಮೇಲೆ ರಬ್ಬರ್ ಮೊಹರು ಯಾರಿಗೆ ಬೇಕು? ಮೊಹರಿನವನ ಅಂಗಡಿಯಲ್ಲಿ ಅಚ್ಚಿನ ಯಂತ್ರದ ಮೇಲೆ ಬೆಕ್ಕು ಮಲಗುತ್ತಿತ್ತು. ಗುಜರಿಯವನು ಎರಡು ಸಲ ಬಂದು ಯಂತ್ರವನ್ನು ಕಣ್ಣಲ್ಲೇ ತೂಗಿ ಹೋಗಿದ್ದ. ತಿಂಗಳ ಕೊನೆಗೆ ಗಾಡಿ ತರುತ್ತೇನೆ ಎಂದಿದ್ದ.

“ಸಾಲಕ್ಕೆ ಅರ್ಜಿ ಹಾಕ್ರಿ,” ಎಂದಳು ಹೆಂಡತಿ. “ಇಲ್ಲದಿದ್ರೆ ಮುಂದಿನ ಸಲ ಅವನು ನಿಮ್ಮನ್ನೂ ತೂಗ್ತಾನೆ.”

ಅರ್ಜಿ ತುಂಬಿದ. ಮೂವತ್ತು ವರ್ಷ ಅಕ್ಷರಗಳನ್ನು ತಿರುಗುಮುರುಗಾಗಿ ಕೆತ್ತಿದ ಕೈ. ಹೆಸರು, ವಿಳಾಸ ಎಲ್ಲ ಉಲ್ಟಾ ಬಂದವು. ಸಾಲದ ಕಚೇರಿಯ ಗುಮಾಸ್ತ ಗಂಭೀರವಾಗಿ ನೋಡಿ, “ಸರಿಯಾಗಿದೆ,” ಎಂದ.

ಆರನೆಯ ದಿನ ಗುಮಾಸ್ತನೇ ಅಂಗಡಿಗೆ ಬಂದ.

“ಸಾಲ ಬಂತಾ?”

“ಬರುತ್ತೆ, ತಡೀರಿ. ಹನ್ನೊಂದು ಸಾವಿರ ಅರ್ಜಿ ಬಂದಿವೆ. ನಮ್ಮ ಮೊಹರು ಸವೆದುಹೋಯ್ತು. ಹೊಸದು ಬೇಕು. ತುರ್ತು.”

“ಏನಂತ ಕೆತ್ತಲಿ?”

“‘ತಿರಸ್ಕರಿಸಲಾಗಿದೆ.’”

“‘ಮಂಜೂರಾಗಿದೆ’ ಬೇಡವಾ?”

“ಅದಿದೆ. ಹೊಸದಾಗೇ ಇದೆ.”

ಬೆಕ್ಕನ್ನು ಇಳಿಸಿ ಯಂತ್ರ ಕಾಯಿಸಿದ. ಕೆಲಸದಲ್ಲಿ ಮೋಸವಿಲ್ಲ. ಸಂಜೆಗೆ ಮೊಹರು ತಲುಪಿತು. ಮರುದಿನ ಪತ್ರ ಬಂತು.

‘ಅರ್ಜಿದಾರರಿಗೆ ಸರ್ಕಾರದಿಂದಲೇ ಕೆಲಸ ದೊರೆತಿರುವುದು ಕಂಡುಬಂದಿರುತ್ತದೆ. ಆದುದರಿಂದ ಸದರಿಯವರು ಸಂಕಷ್ಟದಲ್ಲಿ ಇರುವುದಿಲ್ಲ.’

ಕೆಳಗೆ ಅವನದೇ ಮೊಹರು.

ಹೆಂಡತಿ ಪತ್ರವನ್ನು ಬೆಳಕಿಗೆ ಹಿಡಿದಳು. “ಚೆನ್ನಾಗಿ ಮೂಡಿದೆ ಕಣ್ರೀ.”

“ಹೂಂ. ಶಾಯಿ ಸ್ವಲ್ಪ ಜಾಸ್ತಿಯಾಯ್ತು.”

ಅವನು ಕಚೇರಿಗೆ ಹೋದ. “ಸ್ವಾಮಿ, ಒಂದು ಮೊಹರಿಂದ ಯಂತ್ರ ಉಳಿಯುತ್ತಾ?”

“ಒಂದೇ ಅಂತ ಯಾರು ಹೇಳಿದ್ರು?” ಎಂದ ಗುಮಾಸ್ತ. “ಎಲ್ಲರೂ ಮೇಲ್ಮನವಿ ಹಾಕ್ತಿದ್ದಾರೆ. ‘ಮೇಲ್ಮನವಿ ತಿರಸ್ಕರಿಸಲಾಗಿದೆ’ ನಲವತ್ತು ಬೇಕು. ಮೇಲ್ಮನವಿಗೆ ಅಂಗಡಿಯ ಸ್ವಂತ ಮೊಹರು ಕಡ್ಡಾಯ ಅಂತ ನಿನ್ನೆ ಸುತ್ತೋಲೆಯೂ ಬಂದಿದೆ.”

ತಿಂಗಳ ಕೊನೆಗೆ ಗುಜರಿಯವನು ಬಂದ. ಗಾಡಿ ತಂದಿರಲಿಲ್ಲ. ಮೊಹರಿಗಾಗಿ ದರ್ಜಿ, ಕ್ಷೌರಿಕ, ಬೀಗ ರಿಪೇರಿಯವನು ನಿಂತ ಸಾಲಿನ ಕೊನೆಯಲ್ಲಿ ನಿಂತ.

“ನಿನ್ನ ಅರ್ಜಿಯೂ ಹೋಯ್ತಾ?” ಎಂದ ಮೊಹರಿನವನು.

“ಹೋಯ್ತು. ಒಂದು ಮೊಹರು ಮಾಡಿಕೊಡು. ದುಂಡಗಿರಲಿ.”

ವರ್ಷದ ವರದಿಯಲ್ಲಿ ಇಲಾಖೆ ಹೀಗೆ ಬರೆಯಿತು: ‘ಯೋಜನೆಯಿಂದ ಒಂದು ಸಣ್ಣ ಉದ್ಯಮ ಪೂರ್ಣವಾಗಿ ಚೇತರಿಸಿಕೊಂಡಿದೆ. ಸಾಲ ನೀಡುವ ಅಗತ್ಯ ಬೀಳಲಿಲ್ಲ.’ ಮೊಹರಿನವನಿಗೆ ಸನ್ಮಾನವಾಯಿತು. ಅರ್ಜಿ ತಿರಸ್ಕೃತವಾದವರೆಲ್ಲ ಬಂದು ಮನಸಾರೆ ಚಪ್ಪಾಳೆ ತಟ್ಟಿದರು. ಗುಜರಿಯವನು ಹಾರ ಹಾಕಿದ.

ನೆನಪಿನ ಕಾಣಿಕೆಯಾಗಿ ಮಖಮಲ್ಲಿನ ಡಬ್ಬಿ ಕೊಟ್ಟರು. ಮನೆಗೆ ಬಂದು ತೆರೆದರೆ ಒಳಗೆ ‘ಮಂಜೂರಾಗಿದೆ’ ಮೊಹರು.

ಹೊಸದಾಗೇ ಇತ್ತು.