ಗೌಡರ ಲಾರಿಗೆ ಹಳೇ ಪೆಟ್ರೋಲ್ ಎಂಜಿನ್

ಟಿ. ದಾಸರಹಳ್ಳಿಯಲ್ಲಿ ಎಂಜಿನ್ ಇಳಿಸುವ, ಏರಿಸುವ ಶೆಡ್ ನನ್ನದು. ದೇವರ ಮುಂದೆ ದೀಪ ಹಚ್ಚದೆ ಸ್ಪ್ಯಾನರ್ ಮುಟ್ಟಿದವನಲ್ಲ. ಆದರೂ ನನ್ನ ಕೈಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಭಗವಂತನಿಗೂ ಆಗಾಗ ನಗಬೇಕು ಅನ್ನಿಸುತ್ತದೇನೋ. ಈಚೆಗೆ ಒಂದೇ ಲಾರಿಯಲ್ಲಿ ಮೂರು ಸಲ ನಕ್ಕ.

ಅಜ್ಜಿ ಹೇಳಿದ ಅಳತೆ

ಯಲಹಂಕ ಕಡೆಯ ಗೌಡರೊಬ್ಬರು ತಮ್ಮ ತಂದೆಯ ಕಾಲದ ಲಾರಿ ತಂದರು. ಅದರ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿ ಎಷ್ಟೋ ವರ್ಷವಾಗಿತ್ತು. ಹಳೆಯದು ಕೊಟ್ಟಿಗೆಯಲ್ಲಿ ಟಾರ್ಪಾಲಿನಡಿ ಮಲಗಿತ್ತು.

"ಅದನ್ನೇ ವಾಪಸ್ ಕೂರಿಸ್ಬೇಕು ಸ್ವಾಮಿ. ಅವ್ವಂಗೆ ಈಗ ಕಣ್ ಕಾಣಲ್ಲ. ಅಪ್ಪನ ಲಾರಿ ಅಂದ್ರೆ ಆ ಸದ್ದೇ. ಒಂದ್ಸಲ ಕೇಳಿಸ್ಬಿಟ್ರೆ ಸಾಕು."

"ಎಷ್ಟು ಹಾರ್ಸ್ ಪವರ್?" ಎಂದೆ. ಗೌಡರು ತಾಯಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

"ಅದೆಲ್ಲ ಗೊತ್ತಿಲ್ಲ ಕಣಪ್ಪ. ಎಬ್ಬಾಳದ ದಿಣ್ಣೆ ಅತ್ತೋವಾಗ ನಾನು ಇಳ್ದು, ದೇವ್ರಿಗೆ ಊವ ಕಿತ್ಕೊಂಡು, ಮತ್ತೆ ಅತ್ಕೊತಿದ್ದೆ."

ಬಿಚ್ಚಿ ನೋಡಿದಾಗ ಆರು ಸಿಲಿಂಡರ್, ನಾಲ್ಕು ಲೀಟರ್ ಗಾತ್ರ. ಅದನ್ನು ಪುಸ್ತಕದಲ್ಲಿ ಬರೆದು, ಪವರ್ ಎಂಬಲ್ಲಿ "ಒಂದು ಬುಟ್ಟಿ ಹೂವು" ಎಂದು ಸೇರಿಸಿದೆ.

ತಲೆ ಎತ್ತಿದ ಲಾರಿ

ನನ್ನ ಜೊತೆ ಕೆಲಸ ಮಾಡುವ ಮೇಸ್ತ್ರಿ ಆರ್.ಟಿ. ನಗರದ ಭಾಯ್. ಅವರು ಚೈನ್ ಎಳೆದು ಡೀಸೆಲ್ ಎಂಜಿನ್ ಮೇಲೆತ್ತಿದ್ದೇ ತಡ, ಲಾರಿಯ ಮೂತಿ ಗೇಣುದ್ದ ಮೇಲೆದ್ದಿತು. ಗೌಡರು ಹೌಹಾರಿದರು.

"ಭಾರ ಇಳೀತು ಗೌಡ್ರೇ, ಅದಕ್ಕೆ ತಲೆ ಎತ್ತಿದೆ," ಎಂದರು ಭಾಯ್.

ಆ ಮಾತು ನನ್ನ ಎದೆಗೆ ನಾಟಿತು. ನಾವೂ ಹೀಗೇ ಅಲ್ಲವೇ? ಹೊತ್ತದ್ದನ್ನು ದೇವರ ಪಾದಕ್ಕೆ ಹಾಕಿದರೆ ತಾನೇ ತಲೆ ಎತ್ತುವುದು? ಇದನ್ನೇ ಗೌಡರಿಗೆ ಬಿಡಿಸಿ ಬಿಡಿಸಿ ಹೇಳತೊಡಗಿದೆ.

ಭಾಯ್ ಮೆಲ್ಲಗೆ ಅಂದರು: "ಸ್ವಾಮಿ, ಒಳ್ಳೇ ಮಾತೇ. ಆದ್ರೆ ಎಂಜಿನ್ ಇನ್ನೂ ಮೇಲೆ ನೇತಾಡ್ತಿದೆ, ಚೈನ್ ನನ್ ಕೈಲಿದೆ."

ಆರು ವೈರು, ಇಪ್ಪತ್ತೊಂದು ಚುಕ್ಕೆ

ಶುಕ್ರವಾರ ಅಜ್ಜಿ ಬರುವವರಿದ್ದರು. ಭಾಯ್ ನಮಾಜಿಗೆ ಹೋಗಿದ್ದಾಗ ನಾನು ಎಂಜಿನ್ ಪೂಜೆಗೆ ಕೂತೆ. ನೋಡುತ್ತೇನೆ, ಇನ್ನೂ ಜೋಡಿಸದ ಆರು ಪ್ಲಗ್ ವೈರುಗಳ ಮೇಲೂ ಕೆಂಪು ಚುಕ್ಕೆ! ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹೀಗೆ ಆರರ ತನಕ. ಭಾಯ್ ನನಗೋಸ್ಕರ ಕುಂಕುಮ ಇಟ್ಟು ಹೋಗಿದ್ದಾರಲ್ಲ ಎಂದು ಕಣ್ಣು ತುಂಬಿತು. ಗ್ರೀಸ್ ಮೆತ್ತಿಕೊಂಡಿದ್ದ ವೈರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ಚುಕ್ಕೆಗಳೂ ಅಳಿಸಿಹೋದವು. ಅದಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಒಂದರಿಂದ ಆರರ ತನಕ ಮತ್ತೆ ಚುಕ್ಕೆ ಇಟ್ಟೆ, ಕೈಗೆ ಸಿಕ್ಕ ಕ್ರಮದಲ್ಲಿ.

ನಾನು ಅಳಿಸಿದ್ದು ಕುಂಕುಮವಲ್ಲ, ಯಾವ ವೈರು ಯಾವ ಸಿಲಿಂಡರಿಗೆ ಎಂದು ಭಾಯ್ ಪೇಂಟಿನಲ್ಲಿ ಮಾಡಿಕೊಂಡ ಗುರುತು.

ಅವರು ಬಂದು ಚುಕ್ಕೆ ಎಣಿಸಿ ವೈರು ಸಿಕ್ಕಿಸಿದರು. ಗೌಡರ ಕೈ ಹಿಡಿದು ಅಜ್ಜಿ ಲಾರಿಯ ಪಕ್ಕ ನಿಂತರು. ನಾನು ದೇವರ ಹೆಸರು ಹೇಳಿ ಸ್ಟಾರ್ಟ್ ಮಾಡಿದೆ.

ಢಂ! ಢಬ್, ಢಂ! ಕಾಗೆಗಳೆಲ್ಲ ಹಾರಿದವು. ಶೆಡ್ ತುಂಬಾ ಹೊಗೆ. ಗೌಡರ ಮುಖ ಬಾಡಿಹೋಯಿತು. ನಾನು ಕಣ್ಣು ಮುಚ್ಚಿದೆ.

ಅಜ್ಜಿ ಮಾತ್ರ ಎರಡೂ ಕೈ ಜೋಡಿಸಿದರು. "ಇದೇ ಕಣೋ ಮಗಾ, ನಿಮ್ಮಪ್ಪನ ಲಾರಿ! ಒಂದಿನಾನೂ ನೆಟ್ಟಗೆ ಸ್ಟಾರ್ಟಾಗಿದ್ದಿಲ್ಲ!" ಅನ್ನುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ನಾನು ಚುಕ್ಕೆಯ ವಿಷಯ ಒಪ್ಪಿಕೊಂಡೆ. ಭಾಯ್ ವೈರುಗಳನ್ನು ಸರಿಯಾಗಿ ಹಾಕಿ ಮತ್ತೆ ಸ್ಟಾರ್ಟ್ ಮಾಡಿದರು. ಎಂಜಿನ್ ತಂಬೂರಿಯ ಹಾಗೆ ನುಡಿಯಿತು. ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಅಜ್ಜಿ ಅಲ್ಲೇ ನಿಂತರು.

"ಇದ್ಯಾರ್ ಲಾರಿನಪ್ಪ?" ಅಂದು ಕಾಲು ಕೆಳಗಿಳಿಸಿದರು.

ಭಾಯ್ ಎಂಜಿನ್ ಆರಿಸಿ, ನನ್ನ ಕಡೆ ತಿರುಗಿದರು. "ಸ್ವಾಮಿ, ಆ ಕುಂಕುಮದ ಬಟ್ಟಲು ಸ್ವಲ್ಪ ತನ್ನಿ."